ಒಮ್ಮೆ ಎತ್ತತೈತಿ, ಒಮ್ಮೆ ಎತ್ತಂಗಿಲ್ಲ: ಹಳೆ ಫೋರ್ ವೀಲ್ ಜೀಪಿನ ಸ್ಟಾರ್ಟಿಂಗ್ ತೊಂದರೆ ಹುಡುಕುವುದು ಹೇಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾವ ಊರಿಗೆ ಹೋದರೂ ಒಂದೆರಡು ಹಳೆ ಫೋರ್ ವೀಲ್ ಜೀಪು ಕಣ್ಣಿಗೆ ಬೀಳುತ್ತವೆ. ಎಂಎಂ 540, ಕಮಾಂಡರ್, ಮೇಜರ್, ಅಲ್ಲೊಂದು ಇಲ್ಲೊಂದು ಜಿಪ್ಸಿ. ಹೊಸ ಪಿಕಪ್ ಬಂದ ಮೇಲೂ ಇವನ್ನು ಯಾರೂ ಮಾರುತ್ತಿಲ್ಲ. ಕಾರಣ ನಮ್ಮ ಎರಿ ಭೂಮಿ. ಒಂದು ದೊಡ್ಡ ಮಳೆ ಬಿತ್ತು ಅಂದ್ರೆ ಹೊಲದ ದಾರಿಯೆಲ್ಲ ರಾಡಿ. ಎರಡು ಗಾಲಿಯ ಗಾಡಿ ಒಡ್ಡು ದಾಟುವುದಿಲ್ಲ. ನಾಲ್ಕೂ ಗಾಲಿ ತಿರುಗುವ ಗಾಡಿ ಇದ್ದರೆ ಮಾತ್ರ ಲಿಂಬೆ ಚೀಲ ಡಾಂಬರ್ ರಸ್ತೆ ಮುಟ್ಟುತ್ತದೆ.

ಆದರೆ ಈ ಗಾಡಿಗಳಿಗೆ ಒಂದು ರೋಗ ಉಂಟು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಮಾಲು ತುಂಬಿ ಚಾವಿ ತಿರುಗಿಸಿದರೆ ಬರೀ ‘ಟಕ್’. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಹತ್ತು ಸಲ ಹೊಡೆದರೂ ಹತ್ತೂ ಸಲ ಸ್ಟಾರ್ಟ್ ಆಗುತ್ತದೆ.

ಪೂರ್ತಿ ಕೆಟ್ಟ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ಕೆಟ್ಟು ಒಮ್ಮೆ ಸರಿಯಾಗುವ ಗಾಡಿ ಜೇಬು ಖಾಲಿ ಮಾಡುತ್ತದೆ. ಮೊದಲು ಹೊಸ ಬ್ಯಾಟರಿ, ಆಮೇಲೆ ಹೊಸ ಸೆಲ್ಫ್ ಮೋಟಾರು, ಅದೂ ಆಗದಿದ್ದರೆ ಡೈನಮೋ. ಹದಿನೈದು ದಿನ ಸುಮ್ಮನಿದ್ದು ಮತ್ತೆ ‘ಟಕ್’. ಹರಾಜಿನ ಹೊತ್ತು ಮೀರಿದರೆ ಕಿತ್ತ ಲಿಂಬೆಯ ತೂಕ, ಬಣ್ಣ, ದರ ಮೂರೂ ಇಳಿಯುತ್ತವೆ. ಜಿಐ ಟ್ಯಾಗ್ ಇರುವ ಇಂಡಿ ಲಿಂಬೆಯಾದರೂ ಹೊಲದಲ್ಲೇ ನಿಂತರೆ ಅದಕ್ಕೆ ಬೆಲೆ ಇಲ್ಲ. ಅದಕ್ಕಿಂತ ದೊಡ್ಡ ಮಾತು, ತೋಟದ ಮನೆಯಲ್ಲಿ ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ದವಾಖಾನೆಗೆ ಒಯ್ಯಬೇಕಾದ ಗಾಡಿಯೂ ಇದೇ.

ಗಿಡ ನೋಡಿದ ಹಾಗೆ ಗಾಡಿ ನೋಡಿ

ನಾನು ಓದಿದ್ದು ತೋಟಗಾರಿಕೆ, ಮೆಕ್ಯಾನಿಕ್ ಕೆಲಸ ಅಲ್ಲ. ಆದರೆ ರೋಗ ಹುಡುಕುವ ರೀತಿ ಎರಡಕ್ಕೂ ಒಂದೇ. ಲಿಂಬೆ ಗಿಡದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಹಾಗಂತ ನಮ್ಮ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಇದ್ದ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಅದನ್ನು ತಿಳಿಯದೆ ಯೂರಿಯಾ ಸುರಿದರೆ ದುಡ್ಡು ಹೋಯಿತು, ಹಳದಿ ಹೋಗಲಿಲ್ಲ.

ಜೀಪಿನಲ್ಲೂ ಬಹಳ ಸಲ ಇದೇ ಕಥೆ. ಬ್ಯಾಟರಿಯಲ್ಲಿ ಕರೆಂಟ್ ಇರುತ್ತದೆ, ಅದು ಸೆಲ್ಫ್‌ಗೆ ತಲುಪುವುದಿಲ್ಲ. ಹಾಗಾಗಿ ‘ಯಾವ ಪಾರ್ಟ್ ಹೋಗಿದೆ?’ ಅಂತ ಕೇಳುವ ಮೊದಲು ‘ಕರೆಂಟ್ ಎಲ್ಲಿ ತನಕ ಬಂದು ನಿಂತಿದೆ?’ ಅಂತ ಕೇಳಬೇಕು. ಈ ಪ್ರಶ್ನೆಗೆ ಉತ್ತರ ಸಿಗುವುದು ಗಾಡಿ ಹಟ ಮಾಡುವ ಹೊತ್ತಿನಲ್ಲಿ ಮಾತ್ರ. ಸ್ಟಾರ್ಟ್ ಆಗುವಾಗ ಎಷ್ಟು ಅಳೆದರೂ ಪ್ರಯೋಜನ ಕಡಿಮೆ.

ಮೊದಲು ಕಿವಿ ಕೊಡಿ

ಚಾವಿ ತಿರುಗಿಸಿದಾಗ ಏನು ಕೇಳುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಏನೂ ಸದ್ದಿಲ್ಲ: ಚಾವಿ ಸ್ವಿಚ್‌ನಿಂದ ಸೆಲ್ಫ್ ಮೇಲಿನ ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವೈರಿನ ದಾರಿಯಲ್ಲಿ ತೊಂದರೆ. ಇಲ್ಲವೇ ಬ್ಯಾಟರಿ ಟರ್ಮಿನಲ್ ಪೂರ್ತಿ ಸಡಿಲ.

ಒಂದೇ ಸಲ ‘ಟಕ್’: ಸೊಲೆನಾಯ್ಡ್ ಎಳೆಯುತ್ತಿದೆ, ಆದರೆ ಮೋಟಾರು ತಿರುಗುತ್ತಿಲ್ಲ. ಸೊಲೆನಾಯ್ಡ್‌ಗೆ ಕರೆಂಟ್ ಸಾಲದು, ಅಥವಾ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿದೆ, ಅಥವಾ ಕಾರ್ಬನ್ ಬ್ರಷ್ ಮುಗಿದಿದೆ.

‘ಟಕ್ ಟಕ್ ಟಕ್ ಟಕ್’ ಎಂದು ಸರಸರನೆ: ಬ್ಯಾಟರಿ ಇಳಿದಿದೆ, ಅಥವಾ ದಪ್ಪ ಕೇಬಲ್‌ನ ಜೋಡಣೆ ಕೆಟ್ಟಿದೆ. ಸೊಲೆನಾಯ್ಡ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಕೈಬಿಡುತ್ತದೆ, ಮತ್ತೆ ಎಳೆಯುತ್ತದೆ.

‘ಕರ್‌ರ್’ ಎಂದು ಹಲ್ಲು ಉಜ್ಜಿದ ಸದ್ದು: ಫ್ಲೈವೀಲ್ ರಿಂಗಿನ ಹಲ್ಲು ಸವೆದಿದೆ. ಎಂಜಿನ್ ಬಂದ್ ಆಗುವಾಗ ಸಾಮಾನ್ಯವಾಗಿ ಅದದೇ ಕೆಲವು ಜಾಗಗಳಲ್ಲಿ ನಿಲ್ಲುತ್ತದೆ. ಅದಕ್ಕೇ ಅಲ್ಲಿನ ಹಲ್ಲುಗಳು ಮೊದಲು ಸವೆಯುತ್ತವೆ. ಗೇರ್ ಹಾಕಿ ಗಾಡಿಯನ್ನು ಒಂದು ಗೇಣು ಜರುಗಿಸಿದ ಮೇಲೆ ಸ್ಟಾರ್ಟ್ ಆದರೆ ಇದೇ ಕಾರಣ ಅಂತ ತಿಳಿಯಿರಿ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ: ಆಗ ಬ್ಯಾಟರಿ, ಸೆಲ್ಫ್ ಮುಟ್ಟಲೇಬೇಡಿ. ತೊಂದರೆ ಡೀಸೆಲ್ ಕಡೆ ಇದೆ. ಅದನ್ನು ಮುಂದೆ ನೋಡೋಣ.

ಕೈಯಲ್ಲಿ ಏನೂ ಇಲ್ಲದಿದ್ದರೆ ಹೆಡ್‌ಲೈಟ್ ಹಚ್ಚಿ ಸೆಲ್ಫ್ ಹೊಡೆಯಿರಿ. ಲೈಟು ಮಂಕಾಗಿ ಸೆಲ್ಫ್ ಎಳೆಯದಿದ್ದರೆ ಬ್ಯಾಟರಿ ಅಥವಾ ದಪ್ಪ ಕೇಬಲ್ ಕಡೆ ನೋಡಿ. ಲೈಟು ಇದ್ದ ಹಾಗೇ ಇದ್ದು ಬರೀ ‘ಟಕ್’ ಅಂದರೆ, ಅಥವಾ ಸದ್ದೇ ಇಲ್ಲದಿದ್ದರೆ, ದೊಡ್ಡ ಕರೆಂಟು ಹರಿಯುತ್ತಲೇ ಇಲ್ಲ ಅಂತ ಅರ್ಥ. ಆಗ ಚಾವಿ ಸ್ವಿಚ್, ಸೊಲೆನಾಯ್ಡ್, ಬ್ರಷ್ ನೋಡಬೇಕು.

ಫೋನೇ ನಿಮ್ಮ ಸಾಕ್ಷಿ

ಗ್ಯಾರೇಜಿನಲ್ಲಿ ಸರಿಯಾಗಿ ನಡೆಯುವ ಗಾಡಿಯ ರೋಗವನ್ನು ಮಿಸ್ತ್ರಿಗೆ ಬಾಯಲ್ಲಿ ಹೇಳಿದರೆ ಸಾಲದು. ಗಾಡಿ ಕೈಕೊಟ್ಟ ಕೂಡಲೇ ಫೋನಿನಲ್ಲಿ ವಿಡಿಯೊ ಮಾಡಿ. ಸದ್ದು ಕೇಳಬೇಕು, ಲೈಟು ಕಾಣಬೇಕು. ನೋಟ್ಸ್‌ನಲ್ಲಿ ನಾಲ್ಕು ಸಾಲು ಬರೆದಿಡಿ: ಎಷ್ಟು ಗಂಟೆ, ಎಂಜಿನ್ ಬಿಸಿಯೋ ತಣ್ಣಗೋ, ಎಷ್ಟು ಹೊತ್ತು ನಿಂತಿತ್ತು, ಯಾವ ಸದ್ದು. ನಾಲ್ಕೈದು ಸಲದ ದಾಖಲೆ ಸಿಕ್ಕರೆ ರೋಗದ ಜಾಡು ಕಾಣುತ್ತದೆ. ಬಿಸಿಯಾದಾಗ ಮಾತ್ರವೇ? ಎರಡು ದಿನ ನಿಂತ ಮೇಲೆ ಮಾತ್ರವೇ? ಮಳೆ ಬಂದ ಮರುದಿನವೇ? ಒಂದೊಂದಕ್ಕೂ ಕಾರಣ ಬೇರೆ.

ಮುಟ್ಟುವ ಮೊದಲು

ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್ ಬ್ರೇಕ್ ಎಳೆದು ಗಾಲಿಗೆ ಕಲ್ಲು ಇಡಿ. ಫೋರ್ ವೀಲ್ ಗಾಡಿಯಲ್ಲಿ ಇನ್ನೊಂದು ಮಾತು: ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಮೇನ್ ಗೇರ್ ಹಾಕಿದ್ದರೂ ಗಾಡಿ ಉರುಳಬಹುದು. ಹಾಗಾಗಿ ಗೇರನ್ನು ನಂಬಬೇಡಿ, ಕಲ್ಲನ್ನು ನಂಬಿ. ಉಂಗುರ, ಕಡಗ, ಕೈಗಡಿಯಾರ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ, ಕಡ್ಡಿ ಬೇಡ, ಅದರಿಂದ ಬರುವ ಅನಿಲಕ್ಕೆ ಕಿಡಿ ತಾಗಿದರೆ ಬ್ಯಾಟರಿ ಸಿಡಿಯುತ್ತದೆ. ಗಾಡಿಯ ಕೆಳಗೆ ಮಲಗಿ ಸ್ಕ್ರೂ ಡ್ರೈವರಿನಿಂದ ಸೆಲ್ಫ್ ಶಾರ್ಟ್ ಮಾಡುವ ಚಾಳಿ ಬಿಡಿ. ಗೇರಿನಲ್ಲಿದ್ದರೆ ಗಾಡಿ ಮೈಮೇಲೆ ಬರುತ್ತದೆ.

ಮೀಟರ್ ಹಿಡಿದು ಹುಡುಕುವುದು

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಡಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ. 12.2 ಅಂದ್ರೆ ಹೆಚ್ಚುಕಡಿಮೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗಬೇಡಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಇಲ್ಲದಿದ್ದರೆ ಡೈನಮೋ, ಬೆಲ್ಟ್ ನೋಡಿ.

ಬ್ಯಾಟರಿ ಸರಿ ಇದ್ದರೆ ಈಗ ಮುಖ್ಯವಾದ ಅಳತೆ. ಇದನ್ನು ವೋಲ್ಟೇಜ್ ಡ್ರಾಪ್ ಅನ್ನುತ್ತಾರೆ. ಪೈಪ್‌ಲೈನಿನಲ್ಲಿ ಎಲ್ಲಿ ನೀರಿನ ಒತ್ತಡ ಕಡಿಮೆಯಾಯಿತು ಅಂತ ನೋಡಿದ ಹಾಗೆ, ಕೇಬಲ್ಲಿನ ಎರಡು ತುದಿಯ ನಡುವೆ ಎಷ್ಟು ವೋಲ್ಟ್ ಕಳೆದುಹೋಯಿತು ಅಂತ ನೋಡುವುದು. ಒಬ್ಬರು ಸೆಲ್ಫ್ ಹೊಡೆಯಬೇಕು, ಇನ್ನೊಬ್ಬರು ಮೀಟರ್ ನೋಡಬೇಕು. ಡೀಸೆಲ್ ಎಂಜಿನ್ ಹೊತ್ತಿಕೊಳ್ಳದ ಹಾಗೆ ಸ್ಟಾಪ್ ಕೇಬಲ್ ಎಳೆದು ಹಿಡಿದರೆ ಅಳೆಯಲು ಸಮಯ ಸಿಗುತ್ತದೆ. ಒಂದು ಸಲಕ್ಕೆ ಐದಾರು ಸೆಕೆಂಡ್ ಸಾಕು, ಜಾಸ್ತಿ ಹೊಡೆದರೆ ಸೆಲ್ಫ್ ಸುಡುತ್ತದೆ.

1. ಬ್ಯಾಟರಿ ಮೈನಸ್ ಕಂಬದಿಂದ ಎಂಜಿನ್ ಬ್ಲಾಕ್‌ನ ಶುದ್ಧ ಲೋಹಕ್ಕೆ: 0.3 ವೋಲ್ಟ್ ಒಳಗಿರಬೇಕು. 0.5 ದಾಟಿದರೆ ಅರ್ಥಿಂಗ್ ಕೆಟ್ಟಿದೆ.

2. ಬ್ಯಾಟರಿ ಪ್ಲಸ್ ಕಂಬದಿಂದ ಸೆಲ್ಫ್ ಮೇಲಿನ ದಪ್ಪ ಕೇಬಲ್ಲಿನ ಬೋಲ್ಟಿಗೆ: 0.5 ವೋಲ್ಟ್ ಒಳಗೆ.

3. ಸೊಲೆನಾಯ್ಡ್‌ನ ಎರಡು ದಪ್ಪ ಬೋಲ್ಟುಗಳ ನಡುವೆ: ಸೆಲ್ಫ್ ತಿರುಗುವಾಗ 0.3 ಒಳಗೆ. ಜಾಸ್ತಿ ಇದ್ದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಸುಮ್ಮನಿದ್ದಾಗ ಇಲ್ಲಿ 12 ವೋಲ್ಟ್ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ.

4. ಸೊಲೆನಾಯ್ಡ್‌ನ ಸಣ್ಣ ವೈರ್ ಕೂರುವ ತುದಿಯಿಂದ ಎಂಜಿನ್ ಬ್ಲಾಕ್‌ಗೆ: ಚಾವಿ ತಿರುಗಿಸಿ ಹಿಡಿದಾಗ ಬ್ಯಾಟರಿ ವೋಲ್ಟೇಜಿಗೆ ಹತ್ತಿರ ಇರಬೇಕು.

ಅರ್ಧ ವೋಲ್ಟಿಗೆ ಯಾಕಿಷ್ಟು ಮಹತ್ವ? ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. 300 ಆಂಪಿಯರ್ ಹರಿಯುವ ಕಡೆ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 3 ವೋಲ್ಟ್ ಅಲ್ಲೇ ಮಾಯ. ಇಷ್ಟು ಚಿಕ್ಕ ತಡೆ ಕಣ್ಣಿಗೆ ಕಾಣುವುದಿಲ್ಲ, ಮೀಟರಿನ ಓಮ್ ಅಳತೆಗೂ ಸಿಗುವುದಿಲ್ಲ. ಅದಕ್ಕೇ ಲೋಡ್ ಇದ್ದಾಗಲೇ ಅಳೆಯಬೇಕು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಚಾಸಿಗೂ ಎಂಜಿನ್ನಿಗೂ ನಡುವೆ ಇರುವ ಹೆಣೆದ ಅರ್ಥಿಂಗ್ ಪಟ್ಟಿ ಕೆಟ್ಟರೆ ಕರೆಂಟು ಎಕ್ಸಲೇಟರ್ ಕೇಬಲ್, ಕ್ಲಚ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬಿಸಿಯಾಗಿದ್ದರೆ ಬೇರೆ ಸಾಕ್ಷಿ ಬೇಡ.

ನನ್ನ ಜೀಪಿನಲ್ಲಿ ಸಿಕ್ಕಿದ್ದು

ಹೋದ ಬೇಸಿಗೆಯಲ್ಲಿ ನನ್ನ ಎಂಎಂ 540 ಇದೇ ಆಟ ಆಡಿತು. ಫೋನಿನಲ್ಲಿ ಬರೆದಿಟ್ಟ ಆರು ದಾಖಲೆಯಲ್ಲಿ ಆರೂ ಮಧ್ಯಾಹ್ನದವು. ಪ್ರತಿ ಸಲ ಇಂಡಿ ತನಕ ಓಡಿ, ಹತ್ತು ನಿಮಿಷ ನಿಂತ ಮೇಲೆ. ಪ್ರತಿ ಸಲ ಒಂದೇ ‘ಟಕ್’, ಹೆಡ್‌ಲೈಟ್ ಮಂಕಾಗಿಲ್ಲ.

ನಮ್ಮ ಮಿಸ್ತ್ರಿ ವಿಡಿಯೊ ನೋಡಿ, “ಸೆಲ್ಫ್ ಹಳೇದಾಗೇತ್ರಿ ಸರ, ಹೊಸಾದು ಕುಂಡ್ರಿಸಿ ಬಿಡೂಣ” ಅಂದರು.

“ಕಾಕಾ, ಬಿಸಿ ಇದ್ದಾಗ ಒಮ್ಮೆ ಅಳತಿ ಮಾಡಿ ನೋಡೂಣು, ಆಮ್ಯಾಲ ನೀವು ಹೇಳಿದಂಗ” ಅಂದೆ.

ಮಧ್ಯಾಹ್ನ ಒಂದು ಸುತ್ತು ಓಡಿಸಿ ಬಂದು ನಿಲ್ಲಿಸಿದೆವು. ಮೂರನೇ ಸಲಕ್ಕೆ ‘ಟಕ್’ ಸಿಕ್ಕಿತು. ಆ ಹೊತ್ತಿನಲ್ಲಿ ಬ್ಯಾಟರಿ 12.2 ವೋಲ್ಟ್. ಸೊಲೆನಾಯ್ಡ್‌ನ ಸಣ್ಣ ತುದಿಯಲ್ಲಿ 7.8. ನಡುವೆ ನಾಲ್ಕು ವೋಲ್ಟಿಗೂ ಹೆಚ್ಚು ಕಳೆದುಹೋಗಿತ್ತು. ಒಂದೊಂದೇ ಜೋಡಣೆ ನೋಡುತ್ತ ಹೋದಾಗ ಅದರಲ್ಲಿ ಹೆಚ್ಚಿನ ಪಾಲು ಚಾವಿ ಸ್ವಿಚ್‌ನ ಒಳಗೇ ಹೋಗುತ್ತಿತ್ತು. ಇನ್ನೊಂದು ಅಳತೆಯಲ್ಲಿ ಅರ್ಥಿಂಗ್ ಡ್ರಾಪ್ 0.9 ಬಂತು. ಪಟ್ಟಿ ಬಿಚ್ಚಿದರೆ ಬೋಲ್ಟಿನ ಕೆಳಗೆ ಪೇಂಟು, ಜಂಗು, ಒಣಗಿದ ಎರಿ ಮಣ್ಣು.

ಬಿಸಿಯಾದಾಗ ಮಾತ್ರ ಯಾಕೆ? ತಾಮ್ರದ ವೈರಿನ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.4ರಷ್ಟು ಏರುತ್ತದೆ. ಸೆಲ್ಫ್ ಕೂತಿರುವುದು ಎಂಜಿನ್ ಪಕ್ಕದಲ್ಲಿ. ಗಾಡಿ ನಿಂತ ಮೇಲೆ ಗಾಳಿಯಾಡದೆ ಬಿಸಿ ಇನ್ನೂ ಏರುತ್ತದೆ. 60 ಡಿಗ್ರಿ ಏರಿದರೆ ಸೊಲೆನಾಯ್ಡ್ ಸುರುಳಿಯ ತಡೆ ಹೆಚ್ಚುಕಡಿಮೆ ಕಾಲು ಭಾಗ ಹೆಚ್ಚು, ಎಳೆಯುವ ಶಕ್ತಿ ಅಷ್ಟು ಕಡಿಮೆ. ತಣ್ಣಗಿದ್ದಾಗ ಸವೆದ ಸ್ವಿಚ್ ಹೇಗೋ ಸುಧಾರಿಸುತ್ತಿತ್ತು. ಬಿಸಿಯಾದಾಗ ಎರಡೂ ಸೇರಿ ಕೈಕೊಡುತ್ತಿತ್ತು.

ಪರಿಹಾರ ಸಣ್ಣದು. ಅರ್ಥಿಂಗ್ ಪಟ್ಟಿ ಹೊಸದು ಹಾಕಿ, ಎರಡೂ ಕಡೆ ಲೋಹ ಹೊಳೆಯುವ ತನಕ ಪಾಲಿಶ್ ಪೇಪರ್ ಹಾಕಿ ಉಜ್ಜಿದೆವು. ಸೊಲೆನಾಯ್ಡ್‌ಗೆ 40 ಆಂಪಿಯರ್ ರಿಲೇ ಕೊಟ್ಟೆವು. ರಿಲೇಯ 86ನೇ ಪಿನ್ನಿಗೆ ಚಾವಿಯಿಂದ ಬರುವ ಹಳೆ ವೈರ್, 85ಕ್ಕೆ ಅರ್ಥಿಂಗ್, 30ಕ್ಕೆ ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಸೊಲೆನಾಯ್ಡ್‌ನ ಸಣ್ಣ ತುದಿಗೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು. ಈಗ ಚಾವಿ ಸ್ವಿಚ್ ರಿಲೇಯನ್ನು ಎಬ್ಬಿಸಿದರೆ ಸಾಕು, ಭಾರವಾದ ಕರೆಂಟು ಅದರ ಮೇಲೆ ಹರಿಯುವುದಿಲ್ಲ. ಮತ್ತೆ ಅಳೆದಾಗ ಸೆಲ್ಫ್ ತಿರುಗುತ್ತಿರುವಾಗ ಬ್ಯಾಟರಿಯಲ್ಲಿ 10.4, ಸಣ್ಣ ತುದಿಯಲ್ಲಿ 10.2. ಸೆಲ್ಫ್ ಮೋಟಾರು ಅದೇ ಹಳೇದು, ಇವತ್ತಿಗೂ ತಿರುಗುತ್ತಿದೆ. ಮಿಸ್ತ್ರಿ ಕಾಕಾ ಈಗ ಬೇರೆಯವರ ಗಾಡಿಗೂ ಮೊದಲು ಮೀಟರ್ ಹಚ್ಚುತ್ತಾರೆ.

ಸೆಲ್ಫೇ ಕೆಟ್ಟಿದ್ದರೆ

ನಾಲ್ಕೂ ಅಳತೆ ಸರಿ ಇದ್ದು ‘ಟಕ್’ ಮಾತ್ರ ಬಂದರೆ, ಒಬ್ಬರು ಚಾವಿ ಹಿಡಿದಿರುವಾಗ ಸೆಲ್ಫ್ ಮೋಟಾರಿನ ಮೈಗೆ ಪಾನಾದ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದ ಕೂಡಲೇ ತಿರುಗಿದರೆ ಕಾರ್ಬನ್ ಬ್ರಷ್ ಅಥವಾ ಕಾಂಟ್ಯಾಕ್ಟ್ ಮುಗಿದಿದೆ. ಹಾಗಂತ ಪೂರ್ತಿ ಹೊಸ ಸೆಲ್ಫ್ ಬೇಕಿಲ್ಲ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬ್ರಷ್, ಬುಷ್, ಕಾಂಟ್ಯಾಕ್ಟ್ ಬದಲಿಸಿದರೆ ಆಯಿತು. ತಟ್ಟುವುದು ಪರೀಕ್ಷೆ ಅಷ್ಟೇ, ಅದೇ ಔಷಧ ಅಲ್ಲ.

ಎರಡು ಮೂರು ದಿನ ನಿಂತ ಮೇಲೆ ಮಾತ್ರ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಎಲ್ಲ ಬಂದ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಅದಕ್ಕೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಸೇರಿಸಿ. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆ ಜೀಪಿನಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ಆಂಪಿಯರ್ ಸೋರಿದರೂ ಎರಡು ದಿನಕ್ಕೆ 24 ಆಂಪಿಯರ್ ಅವರ್ ಖಾಲಿ. ಟೇಪು, ಹೆಚ್ಚಿನ ಲೈಟು, ಚಾರ್ಜಿಂಗ್ ಸಾಕೆಟ್ಟುಗಳ ಫ್ಯೂಸ್ ಒಂದೊಂದೇ ತೆಗೆದು ನೋಡಿ. ಮೀಟರ್ ಹೀಗೆ ಸೇರಿಸಿದಾಗ ಮರೆತೂ ಸೆಲ್ಫ್ ಹೊಡೆಯಬೇಡಿ.

ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ

ಆಗ ಸೈಲೆನ್ಸರ್ ಕಡೆ ನೋಡಿ. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಎಂಜಿನ್‌ಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಸುಡುತ್ತಿಲ್ಲ.

ಹೊಗೆ ಇಲ್ಲದಿದ್ದರೆ: ಟಾಕಿಯಲ್ಲಿ ಡೀಸೆಲ್, ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ, ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ. ರಾತ್ರಿ ನಿಂತ ಮೇಲೆ ಮಾತ್ರ ಸತಾಯಿಸಿ, ಹ್ಯಾಂಡ್ ಪಂಪ್ ಒತ್ತಿದ ಮೇಲೆ ಸ್ಟಾರ್ಟ್ ಆದರೆ ಎಲ್ಲೋ ಗಾಳಿ ಎಳೆದು ಡೀಸೆಲ್ ಟಾಕಿಗೆ ವಾಪಸು ಇಳಿಯುತ್ತಿದೆ. ಫಿಲ್ಟರಿನ ನಂತರ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ವಾಷರ್, ಕ್ಲಿಪ್, ಬಿರುಕುಬಿಟ್ಟ ರಬ್ಬರ್ ಪೈಪ್ ಬದಲಿಸಿ.

ಡಿಸೆಂಬರ್, ಜನವರಿ ಬೆಳಿಗ್ಗೆ ಮಾತ್ರ ಬಿಳಿ ಹೊಗೆ ಬಂದು ಸತಾಯಿಸಿದರೆ ಹೀಟರ್ ಪ್ಲಗ್ ನೋಡಿ. ಎಂಎಂ 540ರ ಪ್ಯೂಜೊ ಎಂಜಿನ್ನಿಗೆ ಇವು ಬೇಕೇ ಬೇಕು. ವೈರ್ ಬಿಚ್ಚಿ ಒಂದೊಂದನ್ನೂ ಅಳೆಯಿರಿ. ಒಂದು ಓಮ್ ಆಸುಪಾಸು ಅಥವಾ ಕಡಿಮೆ ಇದ್ದರೆ ಸರಿ, ಏನೂ ತೋರಿಸದಿದ್ದರೆ ಅದು ಸುಟ್ಟಿದೆ. ಹೀಟರ್ ಸರಿ ಇದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್, ಪಂಪ್ ಟೈಮಿಂಗ್ ನೋಡಬೇಕು. ಅದು ಮಿಸ್ತ್ರಿ ಕೆಲಸ.

ನಮ್ಮ ಕೆಲಸವೇ ತರುವ ರೋಗ

ಸಾವಯವ ಮಾಡುವವರು ಜೀಪಿನಲ್ಲಿ ಜೀವಾಮೃತದ ಡ್ರಮ್ ಸಾಗಿಸುತ್ತೇವೆ. ಗೋಮೂತ್ರದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆ ತಿನ್ನುತ್ತದೆ. ದ್ರಾಕ್ಷಿ, ದಾಳಿಂಬೆಗೆ ಬೋರ್ಡೋ ಒಯ್ಯುವಾಗ ಚೆಲ್ಲುವ ಮೈಲುತುತ್ತದ ನೀರು ಕಬ್ಬಿಣಕ್ಕೆ ಬೇಗ ಜಂಗು ಹಿಡಿಸುತ್ತದೆ. ಚೆಲ್ಲಿದ ದಿನವೇ ನೀರು ಹಾಕಿ ತೊಳೆಯಿರಿ, ಡ್ರಮ್ ಬ್ಯಾಟರಿ ಮತ್ತು ಅರ್ಥಿಂಗ್ ಬೋಲ್ಟಿನಿಂದ ದೂರ ಇಡಿ.

ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾಟರಿ ನೀರು ಬೇಗ ಆರುತ್ತದೆ. ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ಸವುಳು ನೀರು ಹಾಕಿದರೆ ಪ್ಲೇಟು ಹಾಳು. ಟರ್ಮಿನಲ್ ಮೇಲಿನ ಬಿಳಿ, ಹಸಿರು ಹುಡಿಯನ್ನು ಅಡಿಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗದಂತೆ ಬಿರಡೆ ಮುಚ್ಚಿರಲಿ.

ಈ ವಾರ ಇಷ್ಟು ಮಾಡಿ. ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದರೂ ಪರವಾಗಿಲ್ಲ, ಮೇಲಿನ ನಾಲ್ಕೂ ಅಳತೆ ತೆಗೆದು ಫೋನಿನಲ್ಲಿ ಬರೆದಿಡಿ. ಮಣ್ಣು ಪರೀಕ್ಷೆಯ ಕಾರ್ಡ್ ಇದ್ದ ಹಾಗೆ ಅದು ನಿಮ್ಮ ಗಾಡಿಯ ಕಾರ್ಡ್. ನಾಳೆ ಕೈಕೊಟ್ಟಾಗ ಯಾವ ಅಂಕಿ ಬದಲಾಗಿದೆ ಅಂತ ನೋಡಿದರೆ ಸಾಕು, ಮೊದಲು ಯಾವ ಬೋಲ್ಟ್ ಬಿಚ್ಚಬೇಕು ಅನ್ನುವುದು ಅಂಗಡಿಗೆ ಹೋಗುವ ಮೊದಲೇ ಗೊತ್ತಾಗುತ್ತದೆ.